ಯಾರ ಸಂಸಾರ?

ಪ್ಯಾರಿಸ್ಸಿನ ಕಾರೋನ್ ಕಂಪೆನಿಯು 1954ರಲ್ಲಿ ಹೊರಡಿಸಿದ ಅತ್ತರಿನ ಹೆಸರು ‘ಪ್ವಾವ್ರ್’, ಎಂದರೆ ಒಳ್ಳೆಮೆಣಸು. ಗೆರ್ಲೇನ್ ಕಂಪೆನಿಯು 1989ರಲ್ಲಿ ಶ್ರೀಗಂಧ, ಮಲ್ಲಿಗೆ ಬೆರೆಸಿದ ಅತ್ತರಿಗೆ ‘ಸಂಸಾರ’ವೆಂದೇ ಹೆಸರಿಟ್ಟಿತು. ಪರಿಮಳ ಸೊಗಸೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯಾರ ಸಂಸಾರವಿದು? ಪುತ್ತೂರು, ಸುಳ್ಯ, ಕಡಬಗಳಲ್ಲಿ ಕಂಗಿಗೆ ಏಣಿ ಚಾಚಿ ಮೆಣಸು ಕೊಯ್ಯುವವನ ಸಂಸಾರಕ್ಕೆ ದಿನಗೂಲಿಯೇ ಗತಿ. ಅದನ್ನು ಅಂಗಡಿಗೆ ಹಾಕುವ ಸಣ್ಣ ರೈತನಿಗೆ ಅಂದಿನ ಧಾರಣೆಯೇ ಗತಿ. ಎಣ್ಣೆಯಾಗಿ ಶೀಷೆಗಿಳಿದ ಮೇಲಿನ ಲಾಭವೆಲ್ಲ ಶೀಷೆಗೆ ಮುದ್ರೆಯೊತ್ತಿದವನದು.

ಇದು ವಿಧಿಲಿಖಿತವೇನು? 1986ರಲ್ಲಿ ಬೆಳೆಗಾರರ ಕ್ಯಾಂಪ್ಕೊ ಪುತ್ತೂರಿನಲ್ಲೇ ಚಾಕಲೇಟು ಕಾರ್ಖಾನೆ ಹೂಡಿತು. ಕೊಕ್ಕೋವಿಗೆ ಆದದ್ದು ಮೆಣಸಿನೆಣ್ಣೆಗೆ ಏಕಾಗದು? ಊರಿನಲ್ಲೇ ಸಹಕಾರಿ ಎಣ್ಣೆ ಕಾರ್ಖಾನೆ ಏಳಲಿ. ಏಣಿ ಹತ್ತಿದವನಿಗೂ ಅದರಲ್ಲಿ ಪಾಲಿರಲಿ. ಪರಿಮಳ ಪರದೇಶಕ್ಕೆ ಹೋಗಲಿ, ಅದರ ಬೆಲೆ ಊರಿಗೆ ಬರಲಿ!