ರುಚಿ ನೋಡುವವರೂ ಉಣ್ಣುವವರೂ

ಮೊರಪ್ಪೂರಿಗೆ ಕಡಲಿಲ್ಲ; ಹಡಗು ಬಾರದು. 1906ರಲ್ಲಿ ತೆರೆದ ಧರ್ಮಪುರಿಯ ಚಿಕ್ಕ ರೈಲೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತುಹೋಯಿತು. ಹೀಗಿರುವಾಗ ವಿಹಾರನೌಕೆಯ ಯಾತ್ರಿಕರ ವಿಷಯವನ್ನು ನಾವೇಕೆ ಎತ್ತಿಕೊಳ್ಳಬೇಕೆಂದು ವಾಚಕರು ಕೇಳಬಹುದು. ಪೇಟೆಯೂ ಅಡಿಗೆಯೂ ನೋಟದ ಸರಕಾಗುವ ಕಾಲ ಬಂದಿರುವುದರಿಂದ ಎತ್ತಿಕೊಂಡಿದ್ದೇವೆ. ಇಂದು ಮಂಗಳೂರಿಗೆ ಬಂದದ್ದು ನಾಳೆ ನಮ್ಮ ಸಂತೆಗೂ ಬಂದೀತು.

1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗೆ ಮಳೆ ಕಳೆದ ಮೇಲೆ ವಿಹಾರನೌಕೆಗಳು ಬರತೊಡಗುತ್ತವೆ. ಬೆಳಿಗ್ಗೆ ಇಳಿದವರನ್ನು ಬಸ್ಸುಗಳಲ್ಲಿ ಕೂರಿಸಿ ಕದ್ರಿಯ ದೇವಸ್ಥಾನ, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಗೋಡಂಬಿಯ ಕಾರ್ಖಾನೆ, ಪೇಟೆ ಇವನ್ನೆಲ್ಲ ತೋರಿಸಿ ಸಂಜೆಯೊಳಗೆ ಹಡಗಿಗೆ ಮುಟ್ಟಿಸುತ್ತಾರೆ. ಲೋಕದ ಅನೇಕ ಬಂದರುಗಳಲ್ಲಿ ಇದಕ್ಕೆ ಇನ್ನೊಂದು ಬಾಲ ಸೇರಿದೆ. ಮಾರ್ಗದರ್ಶಿಯು ಬಾವುಟ ಹಿಡಿದು ಮುಂದೆ ನಡೆಯುವುದು, ಯಾತ್ರಿಕರು ಅಂಗಡಿಯಿಂದ ಅಂಗಡಿಗೆ ಹೋಗಿ ಒಂದೊಂದು ತುತ್ತು ಬಾಯಿಗೆ ಹಾಕಿಕೊಳ್ಳುವುದು. ಇದಕ್ಕೆ ರುಚಿಯ ಪ್ರವಾಸವೆಂದು ಹೆಸರು.

ಪರದೇಶದವರು ನಮ್ಮ ನೀರುದೋಸೆಯನ್ನೋ ಗೋಳಿಬಜೆಯನ್ನೋ ತಿಂದರೆ ನಮಗೆ ಹೊಟ್ಟೆಯುರಿಯಿಲ್ಲ. ತಿನ್ನಲಿ, ಹೊಟ್ಟೆ ತುಂಬ ತಿನ್ನಲಿ. ನಮ್ಮ ತಕರಾರು ಅವರು ತಿನ್ನುವುದಿಲ್ಲವೆಂಬುದೇ. ಊಟದ ಹಣವನ್ನು ಅವರು ಟಿಕೆಟ್ಟಿನೊಡನೆ ಮೊದಲೇ ತೆತ್ತಿರುತ್ತಾರೆ; ಹಸಿವು ಹಡಗಿನಲ್ಲಿಯೇ ತೀರಿರುತ್ತದೆ. ಪ್ರವಾಸದ ಶುಲ್ಕವನ್ನೂ ಬಹುಮಟ್ಟಿಗೆ ಹಡಗಿನ ಕಂಪನಿಯೇ ಪಡೆದು, ತನ್ನ ಪಾಲನ್ನು ಇಟ್ಟುಕೊಂಡು, ಉಳಿದುದನ್ನು ದಲ್ಲಾಳಿಗೆ ಕೊಡುತ್ತದೆ. ಬುಟ್ಟಿಯ ಮುಂದೆ ಕುಳಿತ ಮೀನು ಮಾರುವ ಹೆಂಗಸಿನ ಕೈಗೆ ಬರುವುದೇನು? ಯಾತ್ರಿಕನು ಬಂಗುಡೆಯನ್ನು ಕೊಳ್ಳಲಾರನು, ಕೊಂಡು ಬೇಯಿಸುವುದೆಲ್ಲಿ? ಅವಳ ಚಿತ್ರ ತೆಗೆದುಕೊಂಡು ಹೋಗುತ್ತಾನೆ. ಅಷ್ಟು ಹೊತ್ತು ನಿತ್ಯದ ಗಿರಾಕಿಯು ಗುಂಪಿನ ಹಿಂದೆ ನಿಂತು ಕಾಯಬೇಕು.

ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಹಿರಿಯರ ಮಾತನ್ನು ಇಲ್ಲಿ ಕೆಲವರು ನಮಗೆ ನೆನಪಿಸಿಯಾರು. ತಿಥಿಯನ್ನು ಗೊತ್ತುಮಾಡದೆ ಬಂದವನು ಅತಿಥಿ ಎಂದು ಶಾಸ್ತ್ರಜ್ಞರು ಅರ್ಥ ಹೇಳುತ್ತಾರೆ. ತಿಥಿಯನ್ನಷ್ಟೇ ಅಲ್ಲದೆ ಗಳಿಗೆಯನ್ನೂ ವರ್ಷದ ಮುಂಚೆಯೇ ಅಚ್ಚು ಹಾಕಿಸಿ ಬರುವವನಿಗೆ ಆ ಹೆಸರು ಸಲ್ಲುವುದೆ? ಅವನು ಗಿರಾಕಿ. ಗಿರಾಕಿಯಾಗಿರುವುದು ತಪ್ಪಲ್ಲ, ಆದರೆ ಗಿರಾಕಿಯು ಅಂಗಡಿಯವನಿಗೆ ಕ್ರಯ ಕೊಡಬೇಕು.

ಅವರು ನೋಡುವ ಊರು ನಿಜವಾದ ಊರೂ ಅಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಟಿಯ ತಿಂಗಳಲ್ಲಿ ತುಳುವರು ಕೆಸುವಿನೆಲೆಯ ಪತ್ರೊಡೆ, ಕಣಿಲೆ, ತಜಂಕಿನ ಸೊಪ್ಪು ಉಂಡು ಮಳೆಗಾಲವನ್ನು ಕಳೆದವರು. ಕೊರತೆಯ ದಿನಗಳಿಂದ ಹುಟ್ಟಿದ ಅಡಿಗೆ ಅದು. ಆ ದಿನಗಳಲ್ಲಿ ವಿಹಾರನೌಕೆ ಬರುವುದಿಲ್ಲ. ಸುಗ್ಗಿಯನ್ನು ಮಾತ್ರ ಕಂಡವರು ಊರನ್ನು ಕಂಡೆವೆಂದುಕೊಂಡು ಹೋಗುತ್ತಾರೆ. 2020ರ ಕರೋನಾ ಹಾವಳಿಯಲ್ಲಿ ಮಂಗಳೂರಿನ ಸೆಂಟ್ರಲ್ ಮಾರ್ಕೆಟ್ಟು ಮುಚ್ಚಿ, ಸಗಟು ವ್ಯಾಪಾರ ಬೈಕಂಪಾಡಿಗೆ ಸಾಗಿತು. ಆಮೇಲೆ ಹಳೆಯ ಕಟ್ಟಡವೂ ಉರುಳಿತು. ವ್ಯಾಪಾರಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆ ಕಷ್ಟದ ಕಥೆಯನ್ನು ಯಾವ ಮಾರ್ಗದರ್ಶಿ ತುತ್ತಿನೊಡನೆ ಬಡಿಸಿಯಾನು?

ಯಾತ್ರಿಕರು ಬರದಿದ್ದರೆ ಅಷ್ಟು ಕಾಸೂ ಇಲ್ಲವಲ್ಲ ಎಂಬುದು ಎದುರುಪಕ್ಷದ ವಾದ. ಆಟೋ ನಡೆಸುವವರಿಗೆ, ಕರಕುಶಲದ ಅಂಗಡಿಯವರಿಗೆ ನಾಲ್ಕು ಕಾಸು ಸಿಗುವುದು ನಿಜ. ಆದರೆ ಬಂದವರನ್ನು ತಡೆಯಿರೆಂದು ನಾವು ಹೇಳುತ್ತಿಲ್ಲ, ಏರ್ಪಾಡನ್ನು ತಿದ್ದಿರೆನ್ನುತ್ತೇವೆ. ಬಾರ್ಸಿಲೋನ ನಗರದವರು ತಮ್ಮ ಬೊಕೆರಿಯ ಮಾರುಕಟ್ಟೆಗೆ ವ್ಯಾಪಾರದ ಹೊತ್ತಿನಲ್ಲಿ ದೊಡ್ಡ ಗುಂಪುಗಳು ನುಗ್ಗದಂತೆ 2015ರಲ್ಲಿ ಕಟ್ಟಳೆ ಮಾಡಿದರು. 2021ರಲ್ಲಿ ವೆನಿಸ್ಸಿನ ನಡುನೀರಿಗೆ ಭಾರಿ ನೌಕೆಗಳು ಬರುವುದನ್ನೇ ಇಟಲಿಯ ಸರ್ಕಾರ ನಿಲ್ಲಿಸಿತು. ಅಲ್ಲಿಯೂ ಯಾತ್ರಿಕರಿಂದ ಬದುಕುವವರು ಬಹಳ; ಆದರೂ ಪೇಟೆಯು ಮೊದಲು ಊರಿನವರದು ಎಂಬುದನ್ನು ಮರೆಯಲಿಲ್ಲ.

ನಮ್ಮ ಜಿಲ್ಲೆಯಲ್ಲಿಯೇ ಒಂದು ಮಾದರಿಯಿದೆ. ಹೊಗೇನಕಲ್ಲಿಗೆ ಹೋದವನು ಕಾವೇರಿಯ ಮೀನನ್ನು ತಾನೇ ಆರಿಸಿ ಕ್ರಯಕ್ಕೆ ಕೊಳ್ಳುತ್ತಾನೆ. ಅಡಿಗೆ ಮಾಡುವ ಹೆಂಗಸಿಗೆ ಕೂಲಿ ಗೊತ್ತುಮಾಡುತ್ತಾನೆ. ಹರಿಗೋಲಿನಿಂದ ಮರಳಿ ಬಂದು ಕುಳಿತು ಉಣ್ಣುತ್ತಾನೆ. ಅಲ್ಲಿಯೂ ಚೌಕಾಸಿಯುಂಟು, ಜಗಳವುಂಟು, ಕಸವುಂಟು. ಆದರೂ ಹಣ ಕೈಯಿಂದ ಕೈಗೆ ಹೋಗುತ್ತದೆ. ಉಂಡವನಿಗೂ ಬೇಯಿಸಿದವಳಿಗೂ ಮುಖಪರಿಚಯವಾಗುತ್ತದೆ.

ಮಂಗಳೂರಿನ ಮಹನೀಯರು ಇಷ್ಟನ್ನು ಮಾಡಲಿ: ಗುಂಪು ಚಿಕ್ಕದಾಗಿರಲಿ, ಬೆಳಗಿನ ವ್ಯಾಪಾರಕ್ಕೆ ಅಡ್ಡಿಯಾಗದಿರಲಿ. ತುತ್ತಿನ ಬೆಲೆ ಮಾರುವವರ ಕೈಗೇ ಸೇರಲಿ. ಕೇಳದೆ ಚಿತ್ರ ತೆಗೆಯದಿರಲಿ. ಮಾರ್ಗದರ್ಶಿಗೆ ಪೇಟೆಯ ತುಳು, ಕೊಂಕಣಿ, ಬ್ಯಾರಿ, ಕನ್ನಡಗಳಲ್ಲಿ ಒಂದಾದರೂ ಬರಲಿ. ಯಾತ್ರಿಕರನ್ನು ಬಾಳೆಲೆಯ ಮುಂದೆ ಒಮ್ಮೆಯಾದರೂ ಕೂರಿಸಲಿ.

ಗಡಿಯ ಈಚೆಯ ಕನ್ನಡಿಗರಾದ ನಮಗೆ ಇದು ಬರಿಯ ವ್ಯಾಪಾರದ ಮಾತಲ್ಲ. ಕಚೇರಿಯ ಭಾಷೆ ನಮ್ಮದಲ್ಲ. ನಮ್ಮ ನುಡಿಗೆ ಉಳಿದ ದೊಡ್ಡ ಆಸರೆ ಅಡಿಗೆಮನೆ. ನೆರೆಯ ತಮಿಳರು ಕಳಿ ಎನ್ನುವುದನ್ನು ನಾವು ಮುದ್ದೆ ಎನ್ನುತ್ತೇವೆ; ಒಂದೇ ರಾಗಿ, ಒಂದೇ ಹುರುಳಿಯ ಸಾರು, ಎರಡು ಹೆಸರು. ಆ ಹೆಸರು ಉಳಿದಿರುವುದು ದಿನವೂ ಉಣ್ಣುವವರಿಂದ. ರುಚಿ ನೋಡಿ ಹೋಗುವವರು ಹೆಸರನ್ನು ಬರೆದುಕೊಂಡಾರು, ಉಳಿಸಲಾರರು. ನಮ್ಮ ಮಕ್ಕಳೇ ಹಬ್ಬಕ್ಕೊಮ್ಮೆ ಬಂದು ಮುದ್ದೆಯ ರುಚಿ ನೋಡಿ ಹೋಗುವಂತಾದರೆ, ಆಗ ಹಡಗು ಬೇಕಾಗಿಲ್ಲ. ನಮ್ಮ ಮನೆಯ ಹೊಸಿಲೇ ಬಂದರಾದೀತು.