ಕುಂಟೆಯ ನೀರನ್ನೂ ಸೊಪ್ಪಿನಂತೆ ಕಾಯೋಣ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ರೈತ ಬಂಧುಗಳೇ, ತಾಯಂದಿರೇ,

ರೇಷ್ಮೆ ಹುಳು ಸಾಕುವ ಮನೆಯವರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಹೊಲದ ಟೊಮೆಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ, ನಾಲ್ಕನೇ ಜ್ವರ ಎದ್ದ ಹುಳುವೂ ಉಳಿಯುವುದು ಕಷ್ಟ. ಅದಕ್ಕೇ ಸೊಪ್ಪನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ. ಅದೇ ಎಚ್ಚರವನ್ನು ಹೊಲದಂಚಿನ ಕುಂಟೆಯ ನೀರಿನ ಮೇಲೂ ಇಡಿ ಎಂದು ಕೇಳಿಕೊಳ್ಳುವುದಕ್ಕೇ ಈ ಮನವಿ.

ಗೂಡಿನಿಂದ ಹೊರಬಂದ ಹೆಣ್ಣು ರೇಷ್ಮೆ ಚಿಟ್ಟೆ ಗಾಳಿಗೆ ಒಂದು ವಾಸನೆ ಬಿಡುತ್ತದೆ. ಗಂಡು ಅದರ ಜಾಡು ಹಿಡಿದು ಬರುತ್ತದೆ. 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಆ ವಸ್ತುವನ್ನು ಗುರುತಿಸಿ ಬೊಂಬಿಕಾಲ್ ಎಂದು ಕರೆದರು. ಇಂಥದೇ ವಾಸನೆಯ ಭಾಷೆ ಮಳೆಗಾಲದ ಕುಂಟೆಯೊಳಗೂ ಇದೆ. ಅದನ್ನು ಆಡುವವು ಕಪ್ಪೆಯ ಮರಿಗಳು, ನಾವು ಗೊದಮೊಟ್ಟೆ ಎನ್ನುವ ಬಾಲದ ಕೂಸುಗಳು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಇವುಗಳ ನಡವಳಿಕೆಯನ್ನು ಅಭ್ಯಾಸ ಮಾಡಿದ್ದಾರೆ. ನಮ್ಮ ಅಂಗಳಕ್ಕೂ ಬರುವ ನೆಲಗಪ್ಪೆಯ ಮರಿ ತನ್ನ ಒಡಹುಟ್ಟುಗಳನ್ನು ವಾಸನೆಯಿಂದಲೇ ಗುರುತಿಸಿ ಅವುಗಳ ಗುಂಪು ಸೇರುತ್ತದೆ. ಹತ್ತಿರದಲ್ಲಿ ಯಾವುದಾದರೂ ಪ್ರಾಣಿ ನೆಲಗಪ್ಪೆಯ ಮರಿಯನ್ನು ತಿಂದರೆ ಆ ಸುದ್ದಿ ನೀರಿನಲ್ಲಿ ಹರಡುತ್ತದೆ. ಉಳಿದವು ಓಡಾಟ ಕಡಿಮೆ ಮಾಡುತ್ತವೆ.

ಈ ಸುದ್ದಿಯೇ ಅವುಗಳಿಗೆ ಆಸರೆ. ಏಕೆಂದರೆ ಅವುಗಳನ್ನು ಕಾಯಲು ತಾಯಿತಂದೆ ಜೊತೆಗಿರುವುದಿಲ್ಲ. ಮಲೆನಾಡಿನ ಕಪ್ಪೆಗಳಲ್ಲಾದರೆ ಮೊಟ್ಟೆ ಕಾಯುವ ತಂದೆಯರಿದ್ದಾರೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಕಂಡು 2014ರಲ್ಲಿ ಲೋಕಕ್ಕೆ ತಿಳಿಸಿದ ಕುಂಬಾರ ಕಪ್ಪೆಯಲ್ಲಿ ಗಂಡು ತೊರೆಯ ಕೆಸರನ್ನು ಕೈಯಲ್ಲಿ ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಬಯಲುಸೀಮೆಯ ನಮ್ಮ ಕಪ್ಪೆಗಳಿಗೆ ಅಷ್ಟು ಸಮಯವಿಲ್ಲ. ಮರಗಪ್ಪೆ ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ನೊರೆಗೂಡು ಕಟ್ಟುತ್ತದೆ, ಮರಿಗಳು ಅಲ್ಲಿಂದ ನೀರಿಗೆ ಉದುರುತ್ತವೆ. ನೆಲಗಪ್ಪೆ ಮೊಟ್ಟೆಯ ಸರ ಬಿಟ್ಟು ಹೊರಟುಹೋಗುತ್ತದೆ. ಆಮೇಲೆ ಮರಿಗಳಿಗೆ ತಾಯಿತಂದೆ ಎಂದರೆ ಆ ಕುಂಟೆಯ ನೀರೇ.

ಆ ನೀರಿಗೆ ವಿಷ ಬಿದ್ದರೆ ಏನಾಗುತ್ತದೆ? ಅಮೆರಿಕದ ರಿಕ್ ರೆಲ್ಯ ಮತ್ತು ನಥಾನ್ ಮಿಲ್ಸ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಲ್ಲಿನ ಒಂದು ಮರಗಪ್ಪೆಯ ಮರಿಗಳಿಗೆ ಕಾರ್ಬರಿಲ್ ಎಂಬ ಕೀಟನಾಶಕ ಕೊಟ್ಟು ನೋಡಿದರು. ನೀರಿನಲ್ಲಿ ಶತ್ರುವಿನ ವಾಸನೆಯೂ ಸೇರಿದಾಗ ಆ ವಿಷ 2ರಿಂದ 4 ಪಟ್ಟು ಹೆಚ್ಚು ಮಾರಕವಾಯಿತು. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ತಡೆದುಕೊಳ್ಳುವ ಪ್ರಮಾಣವೇ ಶತ್ರುಗಳಿರುವ ನಿಜವಾದ ಕುಂಟೆಯಲ್ಲಿ ಪ್ರಾಣ ತೆಗೆಯಬಹುದು.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ, ಕುಂಟೆ, ಕೃಷಿ ಹೊಂಡಗಳೇ ಕಪ್ಪೆಯ ತೊಟ್ಟಿಲು. ರಾತ್ರಿಯಿಡೀ ಹೊಲದ ಹುಳಹುಪ್ಪಟೆ ತಿನ್ನುವ ಈ ಜೀವ ನಮ್ಮಿಂದ ಕೂಲಿ ಕೇಳುವುದಿಲ್ಲ. ಬೆಂಗಳೂರಿನ ಹೊರವಲಯದ ರಾಜಾನುಕುಂಟೆ ಬಳಿ ಸಿಕ್ಕ ಬಿಲಗಪ್ಪೆಯೊಂದು ಹೊಸ ಜಾತಿ ಎಂದು 2020ರಲ್ಲಷ್ಟೇ ಗೊತ್ತಾಯಿತು. ನಮ್ಮ ಪಕ್ಕದ ನೆಲದಲ್ಲೇ ಇನ್ನೂ ಪರಿಚಯವಾಗದ ಜೀವಗಳಿದ್ದವು ಎಂದಮೇಲೆ ನಮ್ಮ ಕುಂಟೆಗಳನ್ನು ಬರೀ ನೀರಿನ ಗುಂಡಿ ಎನ್ನಲಾದೀತೇ?

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಔಷಧಿ ಹೊಡೆದ ಪಂಪು, ಡಬ್ಬಿಗಳನ್ನು ಕುಂಟೆ, ಕಲ್ಯಾಣಿ, ಕಾಲುವೆಯಲ್ಲಿ ತೊಳೆಯಬೇಡಿ. ನೀರಿನ ಸುತ್ತ ಕೆಲವು ಮಾರು ಜಾಗದಲ್ಲಿ ಔಷಧಿ ಹೊಡೆಯದೆ ಬಿಡಿ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಿಂದ ಕಪ್ಪೆ ಹತ್ತಿಬರಲು ಒಂದು ದಪ್ಪ ಹಗ್ಗವನ್ನೋ ಗೋಣಿಚೀಲವನ್ನೋ ಇಳಿಬಿಡಿ. ಮರಿಗಳು ಕಾಣುವ ಮಳೆಗುಂಡಿಯನ್ನು, ಅವು ಕಾಲು ಮೂಡಿ ಹೊರಬರುವ ತನಕ ಮುಚ್ಚಬೇಡಿ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ಕೊಳಚೆ ನೀರು ಬರುವ ಕೆರೆಗಳಿಗೆ ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಗ್ರಾಮಸಭೆಯಲ್ಲಿ ದನಿ ಎತ್ತಿ. ಶಾಲೆಯ ಮೇಷ್ಟ್ರುಗಳೇ, ಮೇಡಂಗಳೇ, ಮೊದಲ ಮಳೆ ಬಿದ್ದಮೇಲೆ ಮಕ್ಕಳನ್ನು ಒಮ್ಮೆ ಕುಂಟೆಯ ದಡಕ್ಕೆ ಕರೆದೊಯ್ಯಿರಿ.

ಸೊಪ್ಪಿನ ಮೇಲೆ ಬಿದ್ದ ವಿಷ ಹುಳುಮನೆಯಲ್ಲಿ ಮರುದಿನವೇ ಕಾಣುತ್ತದೆ. ಕುಂಟೆಗೆ ಬಿದ್ದದ್ದು ಹಾಗೆ ಕಾಣುವುದಿಲ್ಲ. ಕಪ್ಪೆ ಕೂಗದ ಮುಂಗಾರಿನ ರಾತ್ರಿಯಲ್ಲಿ ಮಾತ್ರ ತಿಳಿಯುತ್ತದೆ. ಅಂಥ ರಾತ್ರಿ ನಮ್ಮ ಊರಿಗೆ ಬಾರದಂತೆ ಈ ಮಳೆಗಾಲದಿಂದಲೇ ಕಾಯೋಣ.