ಗಾಳಿಯ ಮೇಲೆ ಕೂತ ಕಾರು

ಹರಿಹರದಲ್ಲಿರುವ ನಮ್ಮ ಅಳಿಯ ಮೂರು ವರ್ಷದ ಹಿಂದೆ ಒಂದು ದೊಡ್ಡ ವಿದೇಶಿ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರು. ಅದಕ್ಕೆ ಉಕ್ಕಿನ ಸ್ಪ್ರಿಂಗುಗಳಿಲ್ಲ. ನಾಲ್ಕು ಚಕ್ರಗಳ ಹತ್ತಿರ ನಾಲ್ಕು ರಬ್ಬರ್ ಗಾಳಿಚೀಲಗಳಿವೆ. (ಮಕ್ಕಳೇ, ಡಿಕ್ಕಿಯಾದಾಗ ಸ್ಟೀರಿಂಗಿನಿಂದ ಉಬ್ಬಿ ಬರುವ ಏರ್‌ಬ್ಯಾಗ್ ಬೇರೆ, ಇದು ಬೇರೆ.) ಈ ಚೀಲಗಳನ್ನು ತೆಗೆಸಿ ಸುರುಳಿ ಸ್ಪ್ರಿಂಗ್ ಹಾಕಿಸುವುದೋ ಬೇಡವೋ ಎಂಬ ಚರ್ಚೆ ಹದಿನೈದು ದಿನದಿಂದ ನಮ್ಮ ಎರಡೂ ಮನೆಗಳಲ್ಲಿ ನಡೆದಿದೆ. ಬ್ಯಾಂಕಿನಲ್ಲಿ ಲೆಕ್ಕ ಬರೆದವನು ಎಂದು ನನ್ನನ್ನೂ ಕೂರಿಸಿಕೊಂಡಿದ್ದಾರೆ.

ಇದು ಬರೀ ಕಾರಿನ ಮಾತಲ್ಲ. ಅಳಿಯನ ತಾಯಿಗೆ, ಅಂದರೆ ನಮ್ಮ ಬೀಗಿತ್ತಿಗೆ, ವಾರಕ್ಕೆ ಮೂರು ದಿನ ದಾವಣಗೆರೆಯಲ್ಲಿ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ. ಕಳೆದ ತಿಂಗಳು ಒಂದು ಬೆಳಿಗ್ಗೆ ನೋಡಿದರೆ ಕಾರು ಹಿಂದಿನ ಎಡಮೂಲೆಯಲ್ಲಿ ಮಂಡಿಯೂರಿ ಕೂತಿತ್ತು. ಆಟೋ ಹಿಡಿದು ಹಳೇ ಪಿ.ಬಿ. ರಸ್ತೆಯಲ್ಲಿ ಕುಲುಕಿಕೊಂಡು ಬಂದರು. ಒಂದು ತಾಸು ತಡ.

ಗಾಳಿಚೀಲದ ಗುಣ ತಿಳಿಯಬೇಕಾದರೆ ಸೈಕಲ್ ಪಂಪಿನ ತೂತನ್ನು ಬೆರಳಿನಿಂದ ಮುಚ್ಚಿ ಹಿಡಿಕೆ ಒತ್ತಿ ನೋಡಿ. ಮೊದಲು ಮೆತ್ತಗೆ, ಒತ್ತುತ್ತ ಹೋದಂತೆ ಬಿರುಸು. ಗಾಳಿಯನ್ನು ಅರ್ಧ ಜಾಗಕ್ಕೆ ಅದುಮಿದರೆ ಒತ್ತಡ ಎರಡರಷ್ಟಾಗುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲೇ ಹೇಳಿದ್ದ. ಸುರುಳಿ ಸ್ಪ್ರಿಂಗಿನ ದಾರಿ ಬೇರೆ. ಭಾರ ಎರಡರಷ್ಟಾದರೆ ಕುಗ್ಗುವುದೂ ಎರಡರಷ್ಟು. ಅದು ರಾಬರ್ಟ್ ಹುಕ್ ಕಂಡ ನಿಯಮ.

ಇನ್ನೊಂದು ವ್ಯತ್ಯಾಸವಿದೆ. ನಮ್ಮೂರಿನ ಮಂಡಕ್ಕಿ ಮೂಟೆ ಹಾಕಿದರೂ ಅಷ್ಟೇ, ಭತ್ತದ ಮೂಟೆ ಹಾಕಿದರೂ ಅಷ್ಟೇ, ಗಾಳಿಚೀಲದ ಕಾರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಹಿಂಭಾಗ ತಗ್ಗಿದ್ದನ್ನು ಒಂದು ಸೆನ್ಸರ್ ಹೇಳುತ್ತದೆ, ಕಂಪ್ರೆಸರ್ ಗಾಳಿ ತುಂಬುತ್ತದೆ. ಸುರುಳಿ ಸ್ಪ್ರಿಂಗಿನ ಕಾರಿಗೆ ಭತ್ತದ ಮೂಟೆ ಹೇರಿದರೆ ಹಿಂದೆ ಕುಸಿದು ಮೂತಿ ಮೇಲಾಗುತ್ತದೆ, ಹೆಡ್‌ಲೈಟು ಎದುರಿನವನ ಕಣ್ಣಿಗೆ ಬೀಳುತ್ತದೆ. ಅಳಿಯನ ಕಾರು ಗುಂಡಿ ಒತ್ತಿದರೆ ಕೆಳಗಿಳಿಯುತ್ತದೆ ಕೂಡ. ಬೀಗಿತ್ತಿ ಹತ್ತಲು ಅದು ದೊಡ್ಡ ಅನುಕೂಲ.

ಹಾಗಾದರೆ ತೊಂದರೆ ಏನು? ರಬ್ಬರ್ ಬಿಸಿಲಿಗೂ ಧೂಳಿಗೂ ವಯಸ್ಸಿಗೂ ಬಿರುಕು ಬಿಡುತ್ತದೆ. ಗಾಳಿ ಸೋರುತ್ತದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಕೊನೆಗೆ ಅದೂ ಸುಡುತ್ತದೆ. ಅಮೆರಿಕದಲ್ಲಿ 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಎಂಬ ಬಲು ದುಬಾರಿ ಕಾರಿಗೆ ಗಾಳಿಚೀಲ ಕೊಟ್ಟಿದ್ದರು. ಸೋರಿಕೆಗೆ ಬೇಸತ್ತು ಎಷ್ಟೋ ಮಾಲೀಕರು ಸುರುಳಿ ಸ್ಪ್ರಿಂಗ್ ಹಾಕಿಸಿಕೊಂಡರು. ಅಂದರೆ ನಮ್ಮ ಮನೆಯ ಚರ್ಚೆಗೆ ಅರವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ!

ಹಾಗಂತ ಗಾಳಿಯನ್ನು ದೂರುವವನು ನಾನಲ್ಲ. 2023ರ ಜೂನ್‌ನಲ್ಲಿ ಶುರುವಾದ ಬೆಂಗಳೂರು-ಧಾರವಾಡ ವಂದೇ ಭಾರತ್ ನಮ್ಮ ದಾವಣಗೆರೆಯಲ್ಲಿ ನಿಲ್ಲುತ್ತದಲ್ಲ, ಅದರ ಗಾಲಿಗಳ ಬಳಿ ಸುರುಳಿ ಸ್ಪ್ರಿಂಗ್, ಬೋಗಿಯ ಕೆಳಗೆ ಗಾಳಿ ಸ್ಪ್ರಿಂಗ್. ಎರಡೂ ಇವೆ. ಆದರೆ ರೈಲನ್ನು ನೋಡಿಕೊಳ್ಳಲು ಡಿಪೋ ಇದೆ, ಕೆಲಸ ಬಲ್ಲ ಜನ ಇದ್ದಾರೆ. ಅಳಿಯನ ಕಾರಿನ ಚೀಲ ಬೆಂಗಳೂರಿನಿಂದ ಬರಬೇಕು. ಬರುವವರೆಗೆ ಕಾರು ಮನೆ ಮುಂದೆ.

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇಥ್ ತಯಾರಾಗುತ್ತಿದ್ದ ಕಾಲದಲ್ಲಿ ಕೆಲಸ ಕಲಿತ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕೇಳಿದೆವು. ಅವರು ಮೊದಲು ಸೋಪಿನ ನೀರು ಸಿಂಪಡಿಸಿದರು. ಗುಳ್ಳೆ ಎದ್ದಲ್ಲಿ ಸೋರಿಕೆ. ಎಷ್ಟೋ ಸಲ ಚೀಲ ಸರಿಯಾಗಿದ್ದು ಪೈಪಿನ ಜಾಯಿಂಟ್ ಸೋರುತ್ತದಂತೆ, ಅದು ಸಣ್ಣ ಖರ್ಚು. (ಇಂಥ ಕಾರಿನ ಕೆಳಗೆ ಮಕ್ಕಳು ಕೈ ತೂರಿಸಲೇಬಾರದು, ಯಾವಾಗ ಕುಸಿಯುತ್ತದೋ ಹೇಳಲಾಗದು.) ನಮ್ಮ ದುರದೃಷ್ಟ, ಗುಳ್ಳೆ ಎದ್ದದ್ದು ಚೀಲದ ಮಡಿಕೆಯಲ್ಲೇ. ಬಲಗಡೆಯದನ್ನು ಹೋದ ವರ್ಷ ಬದಲಿಸಿತ್ತು, ಆಮೇಲೆ ಕಂಪ್ರೆಸರ್, ಈಗ ಎಡಗಡೆ.

“ಕಂಪನಿಯಿಂದ ಬಂದ ಚೀಲಗಳು ಒಂದೇ ದಿನ ಹುಟ್ಟಿದ ಅಣ್ಣತಮ್ಮಂದಿರು, ಯಜಮಾನ್ರೇ. ಇಬ್ಬರು ಮಲಗಿದ ಮೇಲೆ ಮುಂದಿನ ಇಬ್ಬರು ಎಷ್ಟು ದಿನ ನಿಂತಾರು?” ಎಂದರು.

ಹೊಸ ಕಾರಾಗಿದ್ದರೆ ನಾನು ಚೀಲವನ್ನೇ ಹಾಕಿಸಿ ಎನ್ನುತ್ತಿದ್ದೆ. ಇಲ್ಲಿ ಒಂದು ಚೀಲಕ್ಕೆ ನನ್ನ ಎರಡು ತಿಂಗಳ ಪಿಂಚಣಿ ಬೇಕು. ಟೋಯಿಂಗ್ ಗಾಡಿಯ ಬಾಡಿಗೆ ಬೇರೆ, ಅಳಿಯ ಕಳೆದುಕೊಂಡ ಕೆಲಸದ ದಿನಗಳು ಬೇರೆ. ಸುರುಳಿ ಸ್ಪ್ರಿಂಗಿಗೂ ಖರ್ಚಿದೆ, ಆದರೆ ಅದು ಒಂದೇ ಸಲದ್ದು. ಅದೇ ಮಾಡೆಲ್ಲಿನ ತೂಕಕ್ಕೆ ತಯಾರಾದ ಸೆಟ್ಟೇ ಬೇಕು. ಬೇರೆ ಕಾರಿನ ಸ್ಪ್ರಿಂಗ್ ತುರುಕಿದರೆ ತಿರುವಿನಲ್ಲಿ, ಬ್ರೇಕಿನಲ್ಲಿ ಕಾರಿನ ನಡತೆಯೇ ಬದಲಾಗುತ್ತದೆ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಕ್ಕೂ ಪರಿಹಾರ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಕಡಿವಾಣ ಹಾಕಿದೆ. ಹಾಗಾಗಿ ಆರ್‌ಟಿಓಗೂ ವಿಮೆ ಕಂಪನಿಗೂ ಪತ್ರ ಬರೆಸಿದೆ. ಬಾಯಿಮಾತಿನ ಒಪ್ಪಿಗೆ ನನಗೆ ಒಗ್ಗದು.

ಕೊನೆಗೆ ಬೀಗಿತ್ತಿಯನ್ನೇ ಕೇಳಿದೆವು. ಅಲ್ಲಿಯವರೆಗೆ ಯಾರೂ ಅವರನ್ನು ಕೇಳಿರಲಿಲ್ಲ ಅನ್ನಿ.

“ಬೀಗ್ರೇ, ಮೆತ್ತಗಿರೋದು ನನಗೆ ಬ್ಯಾಡ. ಬೆಳಿಗ್ಗೆ ಎದ್ದಾಗ ಗಾಡಿ ನಿಂತಿದ್ರೆ ಸಾಕು. ಹತ್ತೋಕೆ ಒಂದು ಮಣೆ ಮಾಡಿಸಿಕೊಡಿ” ಎಂದರು.

ಮಣೆ ಮಾಡಲು ಬಡಗಿಗೆ ಹೇಳಿದ್ದೇವೆ. ಬಿಚ್ಚಿದ ಚೀಲಗಳಲ್ಲಿ ಒಂದನ್ನು ಕತ್ತರಿಸಿ ಒಳಗೇನಿದೆ ನೋಡಬೇಕೆಂದು ಏಳನೇ ಕ್ಲಾಸಿನ ಮೊಮ್ಮಗ ಈಗಲೇ ಬೇಡಿಕೆ ಇಟ್ಟಿದ್ದಾನೆ. ಪತ್ರಗಳಿಗೆ ಉತ್ತರ ಕೈಸೇರಿದ ಮೇಲೆ ಒಂದು ಗುರುವಾರ ಕೆಲಸ. ಅವತ್ತು ಡಯಾಲಿಸಿಸ್ ಇರುವುದಿಲ್ಲ.